ಹನ್ನೊಂದು ತಿಂಗಳ ಒಕ್ಕಲು

"ಹನ್ನೊಂದು ತಿಂಗಳು ಅಲ್ವಾ ಸಾರ್?" ಎಂದು ಶಿಕಾರಿಪುರದ ತಾಲ್ಲೂಕು ಕಚೇರಿಯ ಎದುರು ಕೂತಿದ್ದ ಟೈಪಿಸ್ಟು ಮುಖ ಎತ್ತದೆ ಕೇಳಿದ. ನಾನು ಹೂಂ ಎನ್ನುವಷ್ಟರಲ್ಲಿ ಅವನು ಮುಂದಿನ ಸಾಲಿಗೆ ಹೋಗಿಯಾಗಿತ್ತು. ಹೆಸರು, ತಂದೆಯ ಹೆಸರು, ಬಾಡಿಗೆ, ಮುಂಗಡ ಇಷ್ಟನ್ನು ತುಂಬಿದರೆ ಸಾಕು, ಉಳಿದದ್ದೆಲ್ಲ ಅವನ ಕಂಪ್ಯೂಟರಿನಲ್ಲಿ ಮೊದಲೇ ಇತ್ತು. ಮಾಲೀಕರು ಕೇಳಿದ ಕೂಡಲೇ ಯಾವ ತಕರಾರೂ ಇಲ್ಲದೆ ಮನೆ ಖಾಲಿ ಮಾಡಿಕೊಡತಕ್ಕದ್ದು ಎಂಬ ಸಾಲೂ ಇತ್ತು. ಮಾಲೀಕರು ಎಂದರೆ ನಾನು ಎಂದು ಹೊಳೆಯಲು ಒಂದು ಗಳಿಗೆ ಬೇಕಾಯಿತು.

ಅದು ಅಪ್ಪ ಕಟ್ಟಿಸಿದ ಮನೆ. ಅವರು ಹೋದ ಮೇಲೆ ಅಮ್ಮನನ್ನು ಶಿವಮೊಗ್ಗಕ್ಕೆ ಕರೆತಂದೆ. ಎರಡು ಮಳೆಗಾಲ ಬೀಗ ಹಾಕಿಟ್ಟದ್ದಕ್ಕೆ ಬಾಗಿಲ ಚೌಕಟ್ಟಿಗೆ ಗೆದ್ದಲು ಹತ್ತಿತು. ಜನ ಓಡಾಡಿದರೆ ಮನೆ ಉಳಿಯುತ್ತೆ, ಯಾರಿಗಾದರೂ ಕೊಡು ಎಂದು ಅಮ್ಮನೇ ಹೇಳಿದಳು. ವರ್ಗವಾಗಿ ಬಂದ ಹೈಸ್ಕೂಲು ಮೇಷ್ಟ್ರೊಬ್ಬರು ಹೆಂಡತಿ, ಮಗಳೊಡನೆ ಬಂದು ನೋಡಿ ಒಪ್ಪಿಕೊಂಡರು. ನಮ್ಮ ವಂಶದಲ್ಲಿ ಇನ್ನೊಬ್ಬರಿಗೆ ಮನೆ ಬಾಡಿಗೆಗೆ ಕೊಟ್ಟವನು ನಾನೇ ಮೊದಲು. ನನ್ನ ಅಜ್ಜ ಸೊರಬ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಗೇಣಿದಾರ, ಅಂದರೆ ಬೇರೆಯವರ ಒಕ್ಕಲು.

ಈ 'ಒಕ್ಕಲು' ವಿಚಿತ್ರವಾದ ಪದ. ಸಂಸಾರ, ವಾಸ, ಬೇಸಾಯಗಾರ, ಗೇಣಿದಾರ ಎಲ್ಲಕ್ಕೂ ಅದೇ. ಹಳಗನ್ನಡದ ಶಾಸನಗಳಲ್ಲಿ 'ಒಕ್ಕಲ್' ಎಂದು ಬರುತ್ತದೆ. ಹೊಸ ಮನೆ ಹೊಕ್ಕರೆ ಮನೆ ಒಕ್ಕಲು, ಇದ್ದ ಮನೆಯಿಂದ ಹೊರಡಿಸಿದರೆ ಒಕ್ಕಲೆಬ್ಬಿಸುವುದು.

ಶಾಸನಗಳ ಮಾತು ಬಂದದ್ದಕ್ಕೆ ಹೇಳುತ್ತೇನೆ. ಬಿ.ಎಲ್. ರೈಸ್ ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ 7ನೇ ಸಂಪುಟದಲ್ಲಿ (1902), ಸೊರಬದವನ್ನು 8ನೇ ಸಂಪುಟದಲ್ಲಿ (1904) ಪ್ರಕಟಿಸಿದರು. ಕರಾರು ಟೈಪಾದ ವಾರ ನಾನು ಅವನ್ನೇ ತಿರುವುತ್ತಿದ್ದೆ. ದಾನಶಾಸನಗಳಲ್ಲಿ ಅವಧಿ ಎಂದರೆ ಆಚಂದ್ರಾರ್ಕ, ಸೂರ್ಯಚಂದ್ರರು ಇರುವ ತನಕ. ಕೊಟ್ಟದ್ದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆಂಬ ಶಾಪ ಬೇರೆ. ಬಳ್ಳಿಗಾವಿಯಲ್ಲಿ ಚಾವುಂಡರಾಯರಸ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಕಂಬ ಇವತ್ತಿಗೂ ಇದೆ. ಅದರ ಹೆಸರಿನ ಭೇರುಂಡ ಗಳೆಯಿಂದ ಅಳೆದು ಗದ್ದೆ ಕೊಡುತ್ತಿದ್ದರು. ಅದೇ ಊರಿನ ಕೋಡಿಯ ಮಠದ 1162ರ ಶಾಸನವಂತೂ ಬಡವರು, ಕುಂಟರು, ಕುರುಡರು, ರೋಗಿಗಳು ಎಲ್ಲರಿಗೂ ಅಲ್ಲಿ ಅನ್ನ ಔಷಧಿ ಉಂಟೆಂದು ಸಾರುತ್ತದೆ. ಗದ್ದೆಯ ಗಡಿಯ ಕಲ್ಲು, ಮರ, ಕೆರೆಯ ಮೂಲೆ ಎಲ್ಲ ಬರೆದಿಟ್ಟ ಈ ಕಲ್ಲುಗಳಲ್ಲಿ ಆ ಗದ್ದೆಯನ್ನು ಉಳುತ್ತಿದ್ದವನ ಹೆಸರು ಸಿಗುವುದು ಮಾತ್ರ ಅಪರೂಪ.

ಅಜ್ಜನ ಕಾಲದಲ್ಲೂ ಹಾಗೇ ಇತ್ತು. ಎರಡೂವರೆ ಎಕರೆ ಗದ್ದೆ ಅವನ ಅಪ್ಪನ ಕಾಲದಿಂದ ಇವರೇ ಮಾಡಿದ್ದು. ಸುಗ್ಗಿಯಾದ ಮೇಲೆ ಭತ್ತವನ್ನು ಒಡೆಯರ ಅಂಗಳಕ್ಕೆ ಹೊತ್ತು ಹಾಕಬೇಕು. ಅಳೆಯುವ ಕೊಳಗ ಒಡೆಯರ ಮನೆಯದು. ಕೊಡುವಾಗ ಒಂದು ಕೊಳಗ, ತಗೊಳ್ಳುವಾಗ ಇನ್ನೊಂದು ಎಂದು ಅಜ್ಜ ನಗುತ್ತ ಹೇಳುತ್ತಿದ್ದ. ಇಂಥ ಕೊಳಗದ ತಕರಾರಿನಿಂದಲೇ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಗೇಣಿದಾರರು ಎದ್ದು ನಿಂತರು. ಎಚ್. ಗಣಪತಿಯಪ್ಪ ಅವರನ್ನು ಸಂಘಟಿಸಿದರು. ಗದ್ದೆಯಿಂದ ಹೊರಹಾಕಿಸಿಕೊಂಡವರು 1951ರ ಏಪ್ರಿಲ್ 18ರಿಂದ ನೇಗಿಲು ಹೊತ್ತು ಅದೇ ಗದ್ದೆಗಿಳಿದು ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರ ಸಮಾಜವಾದಿಗಳು ಜೊತೆಯಾದರು, ಜೂನ್‌ನಲ್ಲಿ ಲೋಹಿಯಾ ಬಂದು ಅವರೂ ಬಂಧನಕ್ಕೊಳಗಾದರು. ಅಜ್ಜ ಕಾಗೋಡಿಗೆ ಹೋದವನಲ್ಲ. ಆ ಸುದ್ದಿ ಸಂತೆಯ ದಿನ ಸೊರಬಕ್ಕೆ ಬಂತು, ನಮ್ಮೂರ ಗಂಡಸರು ಎರಡು ದಿನ ದನಿ ತಗ್ಗಿಸಿ ಮಾತಾಡಿದರು ಎಂದಷ್ಟೇ ಅವನ ನೆನಪು.

ಅವನ ಪಾಲಿಗೆ ಚರಿತ್ರೆ ಬಂದದ್ದು 1974ರ ಮಾರ್ಚ್ 1ಕ್ಕೆ. ದೇವರಾಜ ಅರಸರ ಸರ್ಕಾರದ ತಿದ್ದುಪಡಿ ಜಾರಿಗೆ ಬಂದು ಆ ದಿನ ರಾಜ್ಯದ ಗೇಣಿ ಜಮೀನೆಲ್ಲ ಸರ್ಕಾರದ್ದಾಯಿತು. ಉಳುವವನು ಫಾರಂ ನಂಬರ್ 7 ತುಂಬಿ ಭೂ ನ್ಯಾಯ ಮಂಡಳಿಗೆ ಕೊಟ್ಟು, ತಾನು ಗೇಣಿದಾರನೆಂದು ತೋರಿಸಬೇಕು. ಮೊದಲು ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅರ್ಜಿಯ ಗಡುವು ಮುಂದಕ್ಕೆ ಹೋಗುತ್ತ 1979ರ ಜೂನ್ 30ಕ್ಕೆ ನಿಂತಿತು. ತೋರಿಸುವುದು ಹೇಗೆ? ಪಹಣಿಯ 12(2)ನೇ ಕಲಮಿನಲ್ಲಿ ಉಳುವವನ ಹೆಸರಿರಬೇಕು, ಇಲ್ಲದಿದ್ದರೆ ಅಕ್ಕಪಕ್ಕದವರ ಸಾಕ್ಷಿ, ಗೇಣಿ ಚೀಟಿ, ಗೇಣಿ ಕೊಟ್ಟ ರಸೀದಿ. ಕಾನೂನಿನ ಸುಳಿವು ಸಿಕ್ಕ ಒಡೆಯರು ವರ್ಷಗಳ ಹಿಂದೆಯೇ ಚೀಟಿ, ರಸೀದಿ ನಿಲ್ಲಿಸಿದ್ದರು. ಅಜ್ಜನ ಒಡತಿ ಗಂಡ ಸತ್ತ ಹೆಂಗಸು. ಆಕೆಯೂ ಅಜ್ಜನನ್ನು ಕೇಳಿದ್ದಳಂತೆ, "ಚೀಟಿ ಯಾಕೋ ನಿಂಗೆ? ನನ್ನ ಮೇಲೆ ನಂಬಿಕೆ ಇಲ್ವೇನೋ?"

ಆದರೆ ಆಕೆಯ ಗಂಡ ಹಿಂದೆಂದೋ ಬರೆದುಕೊಟ್ಟ ಒಂದು ಚೀಟಿ ಅಜ್ಜನ ತಗಡಿನ ಪೆಟ್ಟಿಗೆಯಲ್ಲಿತ್ತು. ಅದರಿಂದ ಗದ್ದೆ ನಮ್ಮದಾಯಿತು, ಅದರ ಭತ್ತದಿಂದ ಅಪ್ಪ ಓದಿದ, ಓದಿದ್ದರಿಂದ ನೌಕರಿ, ನೌಕರಿಯಿಂದ ಶಿಕಾರಿಪುರದ ಈ ಮನೆ.

ಈ ಕತೆಯನ್ನು ನಮ್ಮ ಮನೆಯಲ್ಲಿ ಇಲ್ಲಿಗೇ ನಿಲ್ಲಿಸುತ್ತಾರೆ. ಕಾಯಿದೆ ಸೈನಿಕರು, ನಾವಿಕರನ್ನು ಬಿಟ್ಟು ಬೇರೆ ಯಾರಿಗೂ ಗೇಣಿಗೆ ಕೊಡುವ ಹಕ್ಕು ಉಳಿಸಲಿಲ್ಲ. ನೂರಾರು ಎಕರೆಯ ಒಡೆಯರು ಕಳೆದುಕೊಂಡ ಹಾಗೆಯೇ ಮೂರು ನಾಲ್ಕು ಎಕರೆಯ ಗೇಣಿಯಲ್ಲೇ ಊಟ ಮಾಡುತ್ತಿದ್ದ ವಿಧವೆಯರೂ ಕಳೆದುಕೊಂಡರು. ಅಜ್ಜ ಆಮೇಲೂ ಪ್ರತಿ ದೀಪಾವಳಿಗೆ ಒಂದು ಚೀಲ ಅಕ್ಕಿ ಹೊತ್ತು ಆ ಅಮ್ಮನವರ ಮನೆಗೆ ಹೋಗುತ್ತಿದ್ದ, ಆಕೆ ಸಾಯುವ ತನಕ. ಆಕೆ ಬಾಗಿಲಿಗೆ ಬಂದು ತಗೊಳ್ಳುತ್ತಿದ್ದಳು, ಮಾತಾಡುತ್ತಿರಲಿಲ್ಲ. ಉಳುವವನೇ ಒಡೆಯ ಎಂಬುದು ನ್ಯಾಯವೆಂದೇ ನಾನು ನಂಬಿದ್ದೇನೆ. ಆ ಅಕ್ಕಿ ಚೀಲದ ಲೆಕ್ಕ ಯಾವುದರಲ್ಲಿ ಬರೆಯಬೇಕೆಂದು ಮಾತ್ರ ನನಗೆ ತಿಳಿದಿಲ್ಲ.

ಗದ್ದೆಯ ಆ ಕಾಯಿದೆಗೂ ಪಟ್ಟಣದ ಮನೆಗೂ ಸಂಬಂಧವೇ ಇಲ್ಲ. ಆದರೂ ಕೊಟ್ಟರೆ ಹೋಯಿತು ಎನ್ನುವ ಹೆದರಿಕೆ ಗದ್ದೆಯಿಂದ ಮನೆಗೆ ದಾಟಿ ಬಂದಿದೆ. "ಹನ್ನೆರಡು ವರ್ಷ ಕೂತರೆ ಮನೆ ಅವರದ್ದೇ ಆಗುತ್ತೆ, ಹುಷಾರು ಮಾರಾಯ" ಎಂದು ಪಕ್ಕದ ಮನೆಯವರು ನನ್ನ ಕಿವಿಯಲ್ಲಿ ಹೇಳಿದರು. ಕಾಲಮಿತಿ ಕಾಯಿದೆಯ ಆ ಹನ್ನೆರಡು ವರ್ಷ, ಮಾಲೀಕನ ಹಕ್ಕನ್ನೇ ಅಲ್ಲಗಳೆದು ಕೂತವನಿಗೆ. ಒಪ್ಪಿಗೆಯಿಂದ ಬಂದು ಬಾಡಿಗೆ ಕೊಡುತ್ತಿರುವವನಿಗೆ ಅದು ಅನ್ವಯಿಸದು. ಇನ್ನು 11 ತಿಂಗಳ ಗುಟ್ಟು: 1908ರ ನೋಂದಣಿ ಕಾಯಿದೆ ಪ್ರಕಾರ ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಒಂದು ತಿಂಗಳು ಕಡಿಮೆ, ಅಷ್ಟೇ. ಆದರೆ ಈಗ ಅದು ನಮ್ಮ ಬಾಯಲ್ಲಿ, ಯಾರೂ ಬೇರೂರದ ಹಾಗೆ ನೋಡಿಕೊಳ್ಳುವ ಮಂತ್ರವಾಗಿಬಿಟ್ಟಿದೆ.

ಮೇಷ್ಟ್ರು ಕರಾರನ್ನು ಉತ್ತರಪತ್ರಿಕೆಯ ಹಾಗೆ ಸಾಲು ಸಾಲಾಗಿ ಓದಿದರು. ಒಂದು ಕಾಗುಣಿತದ ತಪ್ಪು ತಿದ್ದಿಸಿದರು. ಖಾಲಿ ಮಾಡುವ ಸಾಲಿನ ಬಗ್ಗೆ ಏನೂ ಹೇಳಲಿಲ್ಲ. ನಾನೇ ಟೈಪಿಸ್ಟನಿಗೆ "ಕೇಳಿದ ಕೂಡಲೇ ಅನ್ನೋದು ತೆಗೆದು ಎರಡು ತಿಂಗಳು ಮುಂಚೆ ತಿಳಿಸಿ ಅಂತ ಹಾಕಪ್ಪಾ" ಎಂದೆ. ಅವನು ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದ.

ಸಹಿಯಾದ ಮೇಲೆ ಮೇಷ್ಟ್ರು ಸಂಕೋಚದಿಂದ ಕೇಳಿದರು, "ಸಾರ್, ಬಾಡಿಗೆಗೆ ತಿಂಗಳು ತಿಂಗಳು ರಸೀದಿ ಕೊಡ್ತೀರಾ? ಇನ್ಕಮ್ ಟ್ಯಾಕ್ಸಿಗೆ ಬೇಕಾಗುತ್ತೆ."

ರಸೀದಿ ಕೇಳುವುದು ಅವರ ಹಕ್ಕು, ಅದು ನನಗೆ ಗೊತ್ತಿತ್ತು. ಆದರೂ ನನ್ನ ನಾಲಿಗೆ ತುದಿಗೆ ಬಂದದ್ದು, ಅದೆಲ್ಲ ಯಾಕೆ ಮೇಷ್ಟ್ರೇ, ನಂಬಿಕೆ ಇದೆಯಲ್ಲ ಎಂಬ ಮಾತು. ಅದು ಯಾರ ಮಾತೆಂದು ಗೊತ್ತಾಗಿ ಬಾಯಿ ಮುಚ್ಚಿಕೊಂಡೆ. ಅವರು ನನ್ನ ಮೌನವನ್ನು ಬೇರೆಯಾಗಿ ತಿಳಿದು, "ತೊಂದರೆಯಾದರೆ ಬೇಡ ಬಿಡಿ" ಎಂದರು.

"ಇಲ್ಲ, ಬನ್ನಿ" ಎಂದು ಅವರನ್ನು ಪಕ್ಕದ ಸ್ಟೇಷನರಿ ಅಂಗಡಿಗೆ ಕರೆದುಕೊಂಡು ಹೋಗಿ ಕಾರ್ಬನ್ ಹಾಳೆಯಿರುವ ರಸೀದಿ ಪುಸ್ತಕ ಕೊಂಡೆ. ಅಲ್ಲೇ ಗಲ್ಲಾದ ಮೇಲಿಟ್ಟು ನಂಬರ್ 1 ಎಂದು ಬರೆದು, ಮುಂಗಡ ಮತ್ತು ಮೊದಲ ತಿಂಗಳ ಬಾಡಿಗೆ ಬಂದಿದೆ ಎಂದು ಸಹಿ ಹಾಕಿದೆ. ಮೇಷ್ಟ್ರು ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, ಮನೆಯ ಬೀಗದ ಕೈ ಇಸಿದುಕೊಂಡರು.