ಒಂದು ಪರದೆ, ಹಲವು ಗಡಿಯಾರ

ಸಿನಿಮಾ ನೋಡುತ್ತಿರುವಾಗಲೇ ಲಿನಕ್ಸ್ ಕಂಪ್ಯೂಟರಿನ ಪರದೆ ಕಪ್ಪಾಗುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ತಡೆದರೂ ಹತ್ತು ನಿಮಿಷಕ್ಕೆ ಮತ್ತೆ ಅದೇ ಕಥೆ. ಈ ಹಳೆಯ ಕಾಟದ ಬೇರು ಲಿನಕ್ಸ್ ಹುಟ್ಟುವುದಕ್ಕೂ ಮೊದಲಿನ ಕಾಲದಲ್ಲಿದೆ.

ಆಗಿನ ಮಾನಿಟರುಗಳು ಗಾಜಿನ ಪಿಕ್ಚರ್ ಟ್ಯೂಬಿನವು. ಒಂದೇ ಬರಹ ಒಂದೇ ಜಾಗದಲ್ಲಿ ಬಹುಕಾಲ ಬೆಳಗುತ್ತಿದ್ದರೆ ಒಳಗಿನ ಫಾಸ್ಫರ್ ಲೇಪ ಸವೆದು ಅದರ ಅಚ್ಚು ಖಾಯಂ ಆಗಿ ಉಳಿದುಬಿಡುತ್ತಿತ್ತು. 1983ರ ಡಿಸೆಂಬರಿನಲ್ಲಿ ಜಾನ್ ಸೋಚಾ ‘ಸಾಫ್ಟಾಕ್’ ಪತ್ರಿಕೆಯಲ್ಲಿ ಇದಕ್ಕೊಂದು ಪುಟ್ಟ ಪ್ರೋಗ್ರಾಂ ಪ್ರಕಟಿಸಿದರು: ಮೂರು ನಿಮಿಷ ಯಾರೂ ಕೀಲಿ ಒತ್ತದಿದ್ದರೆ ಪರದೆ ಕಪ್ಪು. 1987ರಲ್ಲಿ ಬಂದ, ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಎಕ್ಸ್11 (ಚಿಕ್ಕದಾಗಿ ಎಕ್ಸ್) ವ್ಯವಸ್ಥೆ ಕೂಡ ಅಂಥದೇ ಗಡಿಯಾರವೊಂದನ್ನು ತನ್ನೊಳಗೆ ಇಟ್ಟುಕೊಂಡಿತು.

ಟ್ಯೂಬು ಉಳಿಯಿತು, ಕರೆಂಟು ಉಳಿಯಲಿಲ್ಲ.

1992ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ‘ಎನರ್ಜಿ ಸ್ಟಾರ್’ ಗುರುತು ಜಾರಿಗೆ ತಂದಾಗ ಮೊದಲು ಆರಿಸಿಕೊಂಡದ್ದೇ ಕಂಪ್ಯೂಟರು ಮತ್ತು ಮಾನಿಟರುಗಳನ್ನು. ಮರುವರ್ಷ ವೇಸಾ ಸಂಘಟನೆ ಮಾನಿಟರಿನ ಕರೆಂಟು ಉಳಿಸಲು ಡಿಪಿಎಂಎಸ್ ಎಂಬ ಮಾನದಂಡ ರೂಪಿಸಿತು. ಅದಕ್ಕೆ ಹೊಸ ತಂತಿಯೇ ಬೇಕಾಗಲಿಲ್ಲ! ವಿಜಿಎ ಕೇಬಲ್ಲಿನಲ್ಲಿ ಅಡ್ಡ ಮತ್ತು ಉದ್ದ ಸಾಲುಗಳ ಲಯ ಕಾಯುವ ಎರಡು ಸಿಂಕ್ ಸಂಕೇತಗಳಿದ್ದವಲ್ಲ, ಅಡ್ಡದ್ದು ನಿಂತರೆ ಸ್ಟ್ಯಾಂಡ್‌ಬೈ, ಉದ್ದದ್ದು ನಿಂತರೆ ಸಸ್ಪೆಂಡ್, ಎರಡೂ ನಿಂತರೆ ಆಫ್. ಇದ್ದುದರಲ್ಲೇ ಇಷ್ಟು ಅಚ್ಚುಕಟ್ಟಾಗಿ ಕೆಲಸ ಸಾಧಿಸಿದ ವಿನ್ಯಾಸಗಳು ಕಂಪ್ಯೂಟರ್ ಚರಿತ್ರೆಯಲ್ಲಿ ಅಪರೂಪ.

ಹೊಸದು ಬಂತೆಂದು ಹಳೆಯ ಗಡಿಯಾರವನ್ನು ಯಾರೂ ತೆಗೆಯಲಿಲ್ಲ. ಎಕ್ಸ್ ಓಡುತ್ತಿರುವ ಯಂತ್ರದ ಟರ್ಮಿನಲ್ಲಿನಲ್ಲಿ ‘ಎಕ್ಸ್‌ಸೆಟ್ ಕ್ಯೂ’ ಆದೇಶ ಕೊಟ್ಟರೆ ಇದು ಕಣ್ಣಿಗೇ ಕಾಣುತ್ತದೆ. ‘ಸ್ಕ್ರೀನ್ ಸೇವರ್’ ಎಂಬ ತಲೆಬರಹದಡಿ ಒಂದು ಅವಧಿ, ಬಹಳ ಕಡೆ 600 ಸೆಕೆಂಡು. ಕೆಳಗೆ ಡಿಪಿಎಂಎಸ್‌ನ ಮೂರು ಅವಧಿಗಳು ಬೇರೆಯೇ. ಅವುಗಳ ತಲೆಬರಹದಲ್ಲಿ ‘ಎನರ್ಜಿ ಸ್ಟಾರ್’ ಹೆಸರು ಬಹುಕಾಲ ಇತ್ತು. ಒಂದನ್ನು ನಿಲ್ಲಿಸಿದರೆ ಇನ್ನೊಂದು ತನ್ನ ಪಾಡಿಗೆ ಓಡುತ್ತಿರುತ್ತದೆ. ಹಾಗಾಗಿ ‘ಎಸ್ ಆಫ್’, ‘ಮೈನಸ್ ಡಿಪಿಎಂಎಸ್’ ಎರಡನ್ನೂ ಎಕ್ಸ್‌ಸೆಟ್‌ಗೆ ಕೊಡಬೇಕು. ಇಷ್ಟರ ಮೇಲೆ ಗ್ನೋಮ್, ಕೆಡಿಇ ಡೆಸ್ಕ್‌ಟಾಪ್‌ಗಳಿಗೆ ತಮ್ಮದೇ ಪವರ್ ಸೆಟ್ಟಿಂಗ್ಸ್. ಜೇಮಿ ಜವಿನ್ಸ್ಕಿ 1992ರಲ್ಲಿ ಹೊರತಂದ ಎಕ್ಸ್‌ಸ್ಕ್ರೀನ್‌ಸೇವರ್ ಓಡುತ್ತಿದ್ದರಂತೂ ಡಿಪಿಎಂಎಸ್ ಅವಧಿಗಳನ್ನು ಅದೇ ತಿದ್ದಿಬಿಡುತ್ತದೆ. ಚಿತ್ರಗಳಿಲ್ಲದ ಕನ್ಸೋಲ್ ಪರದೆಗೂ ಕರ್ನಲ್‌ನಲ್ಲಿ ಹತ್ತು ನಿಮಿಷದ ಮಿತಿಯಿತ್ತು, 2017ರ 4.12 ಆವೃತ್ತಿಯಲ್ಲಿ ಅದನ್ನು ಸೊನ್ನೆ ಮಾಡಲಾಯಿತು.

ಎಲ್‌ಸಿಡಿಯಲ್ಲಿ ಫಾಸ್ಫರ್ ಲೇಪದ ಪಿಕ್ಚರ್ ಟ್ಯೂಬು ಇಲ್ಲ. ಹಿಂಬದಿಯ ದೀಪ ಆರದೆ ಪರದೆ ಬರಿದೇ ಕಪ್ಪಾದರೆ ಕರೆಂಟು ಹೆಚ್ಚೇನೂ ಉಳಿಯದು. ಆದ್ದರಿಂದ ಈಗ ನಿಜವಾಗಿ ಬೇಕಾದದ್ದು ಎರಡನೆಯದಾದ ಡಿಪಿಎಂಎಸ್ ಗಡಿಯಾರವೇ. ಎಕ್ಸ್‌ಗೆ ಬದಲಿಯಾಗಿ 2008ರಲ್ಲಿ ಶುರುವಾದ ವೇಲ್ಯಾಂಡ್ ಈ ಜವಾಬ್ದಾರಿಯನ್ನು ಡೆಸ್ಕ್‌ಟಾಪ್ ನಡೆಸುವ ಕಂಪೋಸಿಟರ್‌ಗೆ ಒಪ್ಪಿಸಿದೆ. ಅಲ್ಲಿ ಎಕ್ಸ್‌ಸೆಟ್‌ನ ಈ ಆದೇಶಗಳು ನಡೆಯುವುದಿಲ್ಲ. ಪರದೆ ಕಪ್ಪಾಗುತ್ತದೆಂದು ಯಾರಾದರೂ ಸಹಾಯ ಕೇಳಿದರೆ, ಆದೇಶ ಹೇಳಿಕೊಡುವ ಮೊದಲು ಅವರ ಯಂತ್ರದಲ್ಲಿರುವುದು ಎಕ್ಸೋ ವೇಲ್ಯಾಂಡೋ ಎಂದು ದಯವಿಟ್ಟು ವಿಚಾರಿಸಿ.