ಅರಮನೆಯ ಆಶ್ರಯ ಹೋದ ಮೇಲೆ

ಕಲೆ, ಕುಸ್ತಿ, ಹಳೆಯ ಗುಡಿಗಳಿಗೆಂದು ಸರ್ಕಾರ ಹಣ ಖರ್ಚು ಮಾಡಬೇಕೆ ಎಂಬುದು ಆಗಾಗ ಏಳುವ ಪ್ರಶ್ನೆ. ಹಳೆಯ ಮೈಸೂರು ಸಂಸ್ಥಾನದಲ್ಲಿ ಈ ಬಗ್ಗೆ ಅನುಮಾನವಿರಲಿಲ್ಲ. ಆದರೆ ಹಣ ಎರಡು ದಾರಿಗಳಲ್ಲಿ ಹರಿಯುತ್ತಿತ್ತು. ಒಂದು, ಇಲಾಖೆ ಕಟ್ಟಿ, ನೌಕರರನ್ನು ನೇಮಿಸಿ ಮಾಡಿದ ವೆಚ್ಚ. ಇನ್ನೊಂದು, ದೊರೆ ಮೆಚ್ಚಿ ಕೊಟ್ಟ ಆಶ್ರಯ. ಅರಸೊತ್ತಿಗೆ ಮುಗಿದ ಮೇಲೆ ಈ ಎರಡರ ಗತಿ ಒಂದೇ ಆಗಲಿಲ್ಲ.

ಮೊದಲನೆಯದಕ್ಕೆ ಶಾಸನಗಳ ಕೆಲಸ ಒಳ್ಳೆಯ ನಿದರ್ಶನ. 1885ರಲ್ಲಿ ಸಂಸ್ಥಾನವು ಪುರಾತತ್ವ ಇಲಾಖೆಯನ್ನು ತೆರೆಯಿತು. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಅದರ ಹೊಣೆ ಹೊತ್ತು, ಊರೂರಿನ ಕಲ್ಲುಗಳ ಬರಹವನ್ನು ಪ್ರತಿಮಾಡಿಸಿ, ಸುಮಾರು 9,000 ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳಲ್ಲಿ ಹೊರತಂದರು. 1906ರಲ್ಲಿ ಅವರು ನಿವೃತ್ತರಾದರೂ ಕೆಲಸ ನಿಲ್ಲಲಿಲ್ಲ. ಆರ್. ನರಸಿಂಹಾಚಾರ್, ಆರ್. ಶಾಮಶಾಸ್ತ್ರಿ, ಎಂ.ಎಚ್. ಕೃಷ್ಣ ಒಬ್ಬರಾದ ಮೇಲೊಬ್ಬರು ಆ ಸ್ಥಾನಕ್ಕೆ ಬಂದರು. 1936ರಲ್ಲಿ ಕೃಷ್ಣ ಅವರು ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದರು. ಕನ್ನಡ ಬರಹದ ಚರಿತ್ರೆ ಐದನೆಯ ಶತಮಾನಕ್ಕೆ ಹಿಂದೆ ಸರಿಯಿತು.

1891ರಲ್ಲಿ ಮೈಸೂರಿನಲ್ಲಿ ಶುರುವಾದ ಓರಿಯೆಂಟಲ್ ಲೈಬ್ರರಿಯದೂ ಇದೇ ಕಥೆ. ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ‘ಅರ್ಥಶಾಸ್ತ್ರ’ ಇದ್ದುದನ್ನು ಅಲ್ಲಿದ್ದ ಶಾಮಶಾಸ್ತ್ರಿಗಳು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಕಟ್ಟು ಕೈಗೆ ಬಂದದ್ದು ಅದೃಷ್ಟವಿರಬಹುದು. ಅದನ್ನು ಓದಬಲ್ಲವರು ಸಂಬಳದ ಮೇಲೆ ಅಲ್ಲಿ ಕುಳಿತಿದ್ದದ್ದು ಅದೃಷ್ಟವಲ್ಲ.

ಸಂಗೀತ ಮತ್ತು ಮಲ್ಲವಿದ್ಯೆ ಎರಡನೆಯ ದಾರಿ ಹಿಡಿದವು. ತರುಣ ವಾಸುದೇವಾಚಾರ್ಯರನ್ನು ಚಾಮರಾಜೇಂದ್ರ ಒಡೆಯರು ತಿರುವೈಯಾರಿನ ಪಟ್ಟಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಬಳಿಗೆ ಕಲಿಯಲು ಕಳಿಸಿದರು. ವೀಣೆ ಶೇಷಣ್ಣನವರು ಆಸ್ಥಾನದ ಭೂಷಣವಾದರು. ಮೈಸೂರಿನ ಗರಡಿಗಳಲ್ಲಿ ಸಾಮು ಮಾಡುತ್ತಿದ್ದ ಪೈಲ್ವಾನರಿಗೆ ದಸರಾ ಕುಸ್ತಿಯಲ್ಲಿ ದೊರೆಯ ಕಣ್ಣಿಗೆ ಬೀಳುವುದೇ ದೊಡ್ಡ ಭಾಗ್ಯ.

1947ರ ನಂತರ ಸಂಸ್ಥಾನ ಕರಗಿತು. 1971ರಲ್ಲಿ ರಾಜಧನವೂ ರದ್ದಾಯಿತು. ಶಾಸನದ ಸಂಪುಟಗಳೂ ತಾಳೆಗರಿಗಳೂ ಕಚೇರಿಯ ಸೊತ್ತಾಗಿದ್ದುದರಿಂದ ಹೊಸ ಸರ್ಕಾರ ಮತ್ತು ವಿಶ್ವವಿದ್ಯಾನಿಲಯದ ಕೈಗೆ ಸುಸೂತ್ರವಾಗಿ ದಾಟಿದವು. ಸಂಗೀತಕ್ಕೆ ಸಭೆಗಳು, ಆಕಾಶವಾಣಿ ಆಸರೆಯಾದವು. 1953ರಲ್ಲಿ ದೆಹಲಿಯಲ್ಲಿ ಸಂಗೀತ ನಾಟಕ ಅಕಾಡೆಮಿ ಸ್ಥಾಪನೆಯಾಯಿತು. ಮರುವರ್ಷವೇ ವಾಸುದೇವಾಚಾರ್ಯರಿಗೆ ಅದರ ಪ್ರಶಸ್ತಿ ಸಂದಿತು.

ಗರಡಿಗೆ ಮಾತ್ರ ಅಂಥ ಆಸರೆ ಸಿಗಲಿಲ್ಲ. ದಸರಾ ಕುಸ್ತಿಯನ್ನು ಸರ್ಕಾರ ಉಳಿಸಿಕೊಂಡಿದೆ, ಬಿರುದು ಬಹುಮಾನಗಳನ್ನೂ ಕೊಡುತ್ತದೆ. ಆದರೆ ಪಂದ್ಯ ವರ್ಷಕ್ಕೊಮ್ಮೆ. ಹಾಲು, ಬಾದಾಮಿ, ತುಪ್ಪದ ಖರ್ಚು ದಿನದಿನದ್ದು. ಒಲಿಂಪಿಕ್ಸ್ ಕುಸ್ತಿ ಮ್ಯಾಟ್ ಮೇಲೆ ನಡೆಯುವುದರಿಂದ ಕ್ರೀಡಾ ಯೋಜನೆಗಳ ಹಣವೂ ಹೆಚ್ಚಾಗಿ ಅತ್ತಲೇ ಹೋಗುತ್ತದೆ. ಕೆಮ್ಮಣ್ಣಿನ ಮಟ್ಟಿಯಲ್ಲಿ ಉಸ್ತಾದರು ಹೇಳಿಕೊಡುವ ಪಟ್ಟುಗಳು ಯಾವ ಕಚೇರಿಯ ಕಡತಕ್ಕೂ ಸೇರಿಲ್ಲ.

ಹಾಗೆಂದು ಇಲಾಖೆ ಇದ್ದ ಮಾತ್ರಕ್ಕೆ ಎಲ್ಲವೂ ಕ್ಷೇಮವೆಂದಲ್ಲ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಂಪಿ, ಸಮೀಪದಲ್ಲಿ ಕಟ್ಟುತ್ತಿದ್ದ ಸೇತುವೆಗಳ ಕಾರಣ 1999ರಲ್ಲಿ ಅಪಾಯದ ಪಟ್ಟಿಗೆ ಸೇರಿ, 2006ರಲ್ಲಷ್ಟೇ ಹೊರಬಂದಿತು. ಕಾಯುವುದೂ ಸರ್ಕಾರವೇ, ಕಟ್ಟುವುದೂ ಸರ್ಕಾರವೇ ಆದಾಗ ಒಂದು ಕೈ ಮಾಡಿದ್ದನ್ನು ಇನ್ನೊಂದು ಕೈ ಕೆಡಿಸುವುದುಂಟು.

ಆದರೂ ಮೈಸೂರಿನ ಅನುಭವ ಒಂದು ಮಾತನ್ನು ಸ್ಪಷ್ಟಪಡಿಸುತ್ತದೆ. ಬಹುಮಾನದಿಂದ ಗೆದ್ದವನಿಗೆ ಗೌರವ ಸಿಗುತ್ತದೆ; ವಿದ್ಯೆ ಉಳಿಯಬೇಕಾದರೆ ಕಲಿಸುವವನಿಗೆ ತಿಂಗಳ ಸಂಬಳ ಸಿಗಬೇಕು. ಶಾಸನ ಓದುವವರಿಗೆ ಅದು ನೂರು ವರ್ಷಗಳ ಹಿಂದೆಯೇ ದೊರಕಿತ್ತು. ಗರಡಿಯ ಉಸ್ತಾದರು ಇನ್ನೂ ಕಾಯುತ್ತಿದ್ದಾರೆ.