ಬಂದರಿನಲ್ಲೇ ಮುಳುಗಿದ ಜಲಾಂತರ್ಗಾಮಿ

ಎರಡನೆಯ ಮಹಾಯುದ್ಧದಲ್ಲಿ ಶತ್ರುವಿನ ದಾಳಿಗೆ ಬಲಿಯಾದ ಜಲಾಂತರ್ಗಾಮಿಗಳು ನೂರಾರು. ಅಮೆರಿಕದ 'ಲ್ಯಾನ್ಸೆಟ್‌ಫಿಶ್' ಆ ಸಾಲಿಗೆ ಸೇರಿದ್ದಲ್ಲ. ಯುದ್ಧವನ್ನೇ ಕಾಣದ ಈ ನೌಕೆ, ತನ್ನದೇ ದೇಶದ ಬಂದರಿನಲ್ಲಿ, ಕಟ್ಟೆಗೆ ಕಟ್ಟಿಹಾಕಿದ್ದಾಗಲೇ ಮುಳುಗಿತು.

1942ರ ಸೆಪ್ಟೆಂಬರ್ 30ರಂದು ಫಿಲಡೆಲ್ಫಿಯದ ಕ್ರ್ಯಾಂಪ್ ಹಡಗು ಕಾರ್ಖಾನೆಯಲ್ಲಿ ಇದರ ನಿರ್ಮಾಣ ಆರಂಭವಾಯಿತು. 1927ರಲ್ಲಿ ಮುಚ್ಚಿಹೋಗಿ, 1940ರಲ್ಲಿ ಮತ್ತೆ ಬಾಗಿಲು ತೆರೆದ ಕಾರ್ಖಾನೆ ಅದು. ಕೆಲಸ ಕುಂಟುತ್ತ ಸಾಗಿತು. 1943ರ ಆಗಸ್ಟ್ 15ರಂದು ನೀರಿಗಿಳಿದರೂ, ಬಾಸ್ಟನ್ನಿನಲ್ಲಿ ನೌಕಾಪಡೆಗೆ ಸೇರಿದ್ದು 1945ರ ಫೆಬ್ರುವರಿ 12ರಂದು; ಆಗಲೂ ಕೆಲಸ ಬಾಕಿಯಿತ್ತು.

ಮಾರ್ಚ್ 15ರಂದು ಕಾರ್ಮಿಕನೊಬ್ಬ ಹಿಂಭಾಗದಲ್ಲಿದ್ದ ಹತ್ತನೆಯ ಟಾರ್ಪೆಡೊ ಕೊಳವೆಯ ಒಳಬಾಗಿಲನ್ನು ಆಕಸ್ಮಿಕವಾಗಿ ತೆರೆದ. ಈ ಕೊಳವೆಗೆ ಎರಡು ಬಾಗಿಲು: ಒಂದು ನೌಕೆಯೊಳಕ್ಕೆ, ಇನ್ನೊಂದು ಸಮುದ್ರಕ್ಕೆ. ಎರಡೂ ಒಟ್ಟಿಗೆ ತೆರೆದರೆ ಕೊಳವೆ ನೀರಿಗೆ ಹೆದ್ದಾರಿಯಾಗುತ್ತದೆ. ಲೆಕ್ಕ ಹಾಕಿ ನೋಡೋಣ. ಕೊಳವೆಯ ವ್ಯಾಸ 53 ಸೆಂಟಿಮೀಟರ್. ಅದು ನೀರಿನಿಂದ ಎರಡೇ ಮೀಟರ್ ಕೆಳಗಿತ್ತೆಂದು ಹಿಡಿದರೂ, ನೀವು ತರಗತಿಯಲ್ಲಿ ಓದಿದ ಟೊರಿಸೆಲ್ಲಿಯ ಸೂತ್ರದಂತೆ ನೀರು ಸೆಕೆಂಡಿಗೆ ಆರು ಮೀಟರಿಗೂ ಹೆಚ್ಚು ವೇಗದಲ್ಲಿ ನುಗ್ಗುತ್ತದೆ. ಘರ್ಷಣೆಯ ನಷ್ಟ ಕಳೆದರೂ ಸೆಕೆಂಡಿಗೆ ಸುಮಾರು ಒಂದು ಟನ್ ನೀರು! ಬಾಗಿಲನ್ನು ಮತ್ತೆ ತಳ್ಳಿ ಮುಚ್ಚುವುದು ಮನುಷ್ಯನ ತೋಳಿಗೆ ಸಾಧ್ಯವಿಲ್ಲದ ಮಾತು. 120 ಮೀಟರ್ ಆಳಕ್ಕಿಳಿಯಲೆಂದು ರೂಪಿಸಿದ ನೌಕೆ, 13 ಮೀಟರ್ ನೀರಿನಲ್ಲಿ ತಳ ಸೇರಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ.

ಬ್ರಿಟನ್ನಿನ 'ಥೆಟಿಸ್' ನೌಕೆಗೆ ಆ ಪುಣ್ಯವಿರಲಿಲ್ಲ. 1939ರ ಜೂನ್ 1ರಂದು, ಪರೀಕ್ಷಾರ್ಥ ಮುಳುಗುವಾಗ, ಕೊಳವೆಯಲ್ಲಿ ನೀರಿದೆಯೇ ಎಂದು ತಿಳಿಸಬೇಕಾದ ಸಣ್ಣ ರಂಧ್ರವನ್ನು ಬಣ್ಣ ಮುಚ್ಚಿಬಿಟ್ಟಿತ್ತು. ಕೊಳವೆ ಖಾಲಿಯೆಂದು ನಂಬಿ ಒಳಬಾಗಿಲು ತೆರೆದರು. 99 ಜನ ಸತ್ತರು. ಇಂಥ ಕಡೆ ಬಾಗಿಲು ತೆರೆದವನನ್ನಷ್ಟೇ ದೂರುವುದು ಸುಲಭ. ಆದರೆ ಒಂದು ತೆರೆದಿದ್ದಾಗ ಇನ್ನೊಂದು ತೆರೆಯದಂತೆ ತಡೆಯುವ ಅಗುಳಿ, ನೀರಿನ ಸುಳಿವು ಕೊಡುವ ರಂಧ್ರ, ಇವು ಸರಿಯಾಗಿವೆಯೇ ಎಂದು ಮೊದಲು ನೋಡಬೇಕಾದವರು ಎಂಜಿನಿಯರುಗಳು ಎಂಬುದು ನನ್ನ ಅಭಿಪ್ರಾಯ.

ಲ್ಯಾನ್ಸೆಟ್‌ಫಿಶ್ ನೌಕೆಯನ್ನು ಮಾರ್ಚ್ 23ರಂದು ಮೇಲೆತ್ತಿದರು. ಮರುದಿನವೇ ಸೇವೆಯಿಂದ ತೆಗೆದರು. ಪಡೆಗೆ ಸೇರಿ ಆರು ವಾರವೂ ತುಂಬಿರಲಿಲ್ಲ. ಮುಂದೆ ಯುದ್ಧವೂ ಮುಗಿಯಿತು, ಪೂರ್ಣಗೊಳಿಸುವ ಯೋಚನೆಯೂ ನಿಂತಿತು. 1959ರಲ್ಲಿ ಅದನ್ನು ಗುಜರಿಗೆ ಮಾರಲಾಯಿತು.